ಜೈದನ ನಲವತ್ತೇಳನೇ ದಫಾ

ಚಿತ್ತಾಪುರದ ತಹಸೀಲ ಕಚೇರಿಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು, ಗುಲಾಮ ದಸ್ತಗೀರನು ಇಪ್ಪತ್ತೆಂಟು ವರ್ಷಗಳಿಂದ ತಾಲೂಕಿನ ಕಷ್ಟಗಳನ್ನೆಲ್ಲ ಕಾಗದಕ್ಕೆ ಇಳಿಸುತ್ತ ಬಂದಿದ್ದ. ಅವನು ಅರ್ಜಿನವೀಸ, ಅಂದರೆ ಬರೆಯಲು ಬಾರದವರ ಪರವಾಗಿ ಸರಕಾರಕ್ಕೆ ಅರ್ಜಿ ಬರೆದುಕೊಡುವವ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಶುರು ಮಾಡಿದ್ದ. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಟ ಹಿಡಿದು ಕನ್ನಡ ಕಲಿತ. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಹೀಗಾಗಿ ಒಮ್ಮೊಮ್ಮೆ ಅವನ ಕೈ ಹಾಳೆಯ ನಟ್ಟನಡುವೆ ನಿಂತು, ಯಾವ ಕಡೆ ಹೋಗಲಿ ಎಂದು ಯೋಚನೆ ಮಾಡುತ್ತಿತ್ತು. ಅರ್ಜಿದಾರರು ಅದನ್ನು ಪಾಂಡಿತ್ಯವೆಂದು ತಿಳಿದಿದ್ದರು.

ಅವನಿಗೆ ಗೊತ್ತಿದ್ದ ಕಾಯದೆ ಎಂದರೆ ಉರ್ದುವಿನ ತಾಜೀರಾತ್ ಎಂಬ ದಂಡಸಂಹಿತೆ ಒಂದೇ. ಅದರಲ್ಲಿ ಪ್ರತಿ ದಫಾದ, ಅಂದರೆ ಕಲಮಿನ, ಕೆಳಗೂ ಒಂದೊಂದು ತಮ್ಸೀಲ್ ಇರುತ್ತಿತ್ತು. ನಾವು ಉದಾಹರಣೆ ಅನ್ನುವುದನ್ನು ಅವರು ತಮ್ಸೀಲ್ ಅನ್ನುತ್ತಾರೆ. ಜೈದ್ ಎಂಬವನು ಬಕರ್ ಎಂಬವನ ಎತ್ತು ಹೊಡೆದುಕೊಂಡು ಹೋದರೆ ಅದು ಕಳವು. ಜೈದ್ ಬಕರನ ಹಲ್ಲು ಉದುರಿಸಿದರೆ ಅದು ಗಾಯ. ಇಡೀ ಪುಸ್ತಕದಲ್ಲಿ ಜೈದ್ ಒಂದು ದಿನ ಸುಮ್ಮನೆ ಕೂತವನಲ್ಲ, ಬಕರ್ ಒಂದು ದಿನ ಸುಖವಾಗಿದ್ದವನಲ್ಲ. ದಸ್ತಗೀರ ರೊಟ್ಟಿ ಮುರಿಯುತ್ತ ಜೈದನ ಸುದ್ದಿಯನ್ನೇ ಹೇಳುತ್ತಿದ್ದುದರಿಂದ, ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಜೈತುನ್‌ಬೀ ಈ ಜೈದ್ ಶಹಾಬಾದ ಕಡೆಯ ಯಾರೋ ಪುಂಡನೆಂದು ನಂಬಿ, ಆ ಕಡೆ ಹೆಣ್ಣು ಕೊಡಬೇಡಿರೆಂದು ತಂಗಿಯ ಮನೆಗೆ ಹೇಳಿ ಕಳಿಸಿದ್ದಳು.

ಒಂದೇ ಒಂದು ಸಂಗತಿ ದಸ್ತಗೀರನನ್ನು ಕಾಡುತ್ತಿತ್ತು. ಪುಸ್ತಕ ಜೈದನ ತಪ್ಪುಗಳನ್ನು ಹೇಳುತ್ತಿತ್ತೇ ಹೊರತು, ಕೊನೆಗೆ ಆ ಮನುಷ್ಯನಿಗೆ ಏನಾಯಿತು ಅನ್ನುವುದನ್ನು ಎಲ್ಲಿಯೂ ಹೇಳಿರಲಿಲ್ಲ.

ಮೈಸೂರು ರಾಜ್ಯ ಕರ್ನಾಟಕವಾಗಿ ಕಚೇರಿಯ ಬೋರ್ಡಿಗೆ ಹೊಸ ಬಣ್ಣ ಬಳಿದ ಮರುವರ್ಷ ನಂಜರಾಜಯ್ಯನವರೆಂಬ ಹೊಸ ತಹಸೀಲ್ದಾರರು ಹಳೇ ಮೈಸೂರು ಕಡೆಯಿಂದ ವರ್ಗವಾಗಿ ಬಂದರು. ಬಂದವರೇ ಅಂಗಳದಲ್ಲಿ ಜೀಪು ತಿರುಗಿಸಲು ಜಾಗವಿಲ್ಲವೆಂದು ಕಂಡು ಆಜ್ಞೆ ಹೊರಡಿಸಿದರು: ಇನ್ನು ಅಂಗಳದಲ್ಲಿ ಒಂದೇ ಮೇಜು. ಈಗಿನ ಕಾಯದೆ, ಅದರಲ್ಲೂ ಇಂಗ್ಲಿಷಿನದು, ಯಾರಿಗೆ ಗೊತ್ತೋ ಅವರದು. ಮುಂದಿನ ತಿಂಗಳ ಮೊದಲ ಸೋಮವಾರ ಅದರ ತೀರ್ಮಾನ.

ಅಂಗಳದಲ್ಲಿ ಇದ್ದದ್ದೇ ಎರಡು ಮೇಜು. ಎರಡನೆಯದು ಗುರುಲಿಂಗಯ್ಯನದು. ಗುರುಲಿಂಗಯ್ಯನಿಗೆ ಮೂವತ್ತೈದರ ಪ್ರಾಯ, ಕೈಯಲ್ಲಿ ಟೈಪರೈಟರು, ಬಾಯಲ್ಲಿ ಹತ್ತಿಪ್ಪತ್ತು ಇಂಗ್ಲಿಷ್ ಶಬ್ದ. ಆಜ್ಞೆ ಬಂದ ದಿನವೇ ಅವನು ದಸ್ತಗೀರನ ಮೇಜಿನ ಉದ್ದಗಲವನ್ನು ಗೇಣು ಹಾಕಿ ಅಳೆದು ನೋಡಿ ಹೋದ. ಇತ್ತ ಜೈತುನ್‌ಬೀಯ ತಮ್ಮ ಚಾಂದ್ ಶಹಾಬಾದದ ಕಲ್ಲಿನ ಖಣಿಯಿಂದ ಹೇಳಿ ಕಳಿಸಿದ: ಭಾವನವರಿಗೆ ಇಲ್ಲಿ ಫರಸಿಕಲ್ಲು ಎಣಿಸುವ ಕೆಲಸ ತಯಾರಿದೆ, ನೆರಳೂ ಇದೆ. ಮರದ ಕೆಳಗೆ ಕೂತರೆ ದಸ್ತಗೀರನು ಮುನ್ಶೀಜಿ. ಮೇಜು ಹೋದರೆ ಬರೀ ದಸ್ತಗೀರ, ಹೆಂಡತಿಯ ತಮ್ಮನ ಕೈಕೆಳಗಿನವ. ಕಲ್ಲುಗಳು ಎದ್ದು ನಿಂತು ಸಲಾಮು ಮಾಡುವುದಿಲ್ಲ.

ಅವನು ವಾಡಿಗೆ ಹೋದ. ವಾಡಿ ಜಂಕ್ಷನ್ನಿನ ಹಿಂದೆ ಅಬ್ದುಲ್ ಕರೀಮನ ರದ್ದಿ ಅಂಗಡಿ. ಸಿಮೆಂಟು ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಒಬ್ಬ ಪರದೇಶಿ ಇಂಜಿನಿಯರು ಸಂಸಾರ ಸಮೇತ ಊರಿಗೆ ಮರಳುವಾಗ ಬಿಟ್ಟುಹೋದ ಸಾಮಾನು ಅಲ್ಲಿ ರಾಶಿ ಬಿದ್ದಿತ್ತು. ಆ ರಾಶಿಯಲ್ಲಿ ದಸ್ತಗೀರನ ಕಣ್ಣಿಗೆ ಒಂದು ಪುಸ್ತಕ ಬಿತ್ತು. ಇಟ್ಟಂಗಿಯಷ್ಟು ದಪ್ಪ, ಕರಿ ಬಟ್ಟೆಯ ಗಟ್ಟಿ ರಟ್ಟು, ಬೆನ್ನಿಗೆ ಬಂಗಾರದ ಅಕ್ಷರ. ತೆರೆದರೆ ಮೊದಲ ನಾಲ್ಕು ಹಾಳೆಗಳ ತುಂಬ ಇರುವೆ ಸಾಲಿನಂಥ ಇಂಗ್ಲಿಷು. ಇಷ್ಟು ಸಣ್ಣ ಅಕ್ಷರದಲ್ಲಿ ಕಾಯದೆಯನ್ನು ಬಿಟ್ಟು ಬೇರೇನನ್ನೂ ಯಾರೂ ಅಚ್ಚು ಹಾಕುವುದಿಲ್ಲವೆಂದು ಅವನಿಗೆ ಅನುಭವದಿಂದ ಗೊತ್ತಿತ್ತು. ರೈಲ್ವೆಯವರಿಗೆ ಕರೀಮನ ಪರವಾಗಿ ಒಂದು ಅರ್ಜಿ ಬರೆದುಕೊಟ್ಟು, ಬದಲಿಗೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದ.

ಗಾಡಿ ಹೊರಟ ಮೇಲೆ ಐದನೆಯ ಹಾಳೆ ತಿರುವಿದ. ಅಲ್ಲಿ ಅಕ್ಷರದ ಬದಲು ಚಿತ್ರವಿತ್ತು. ಮೈಗೆ ಅಂಟಿದ ನೀಲಿ ಅಂಗಿ ಪೈಜಾಮ, ಅದರ ಮೇಲೆ ಕೆಂಪು ಚಡ್ಡಿ, ಕುತ್ತಿಗೆಗೆ ಕಟ್ಟಿದ ಹಳದಿ ಚಾದರ, ಕಣ್ಣಿಗೆ ಕಪ್ಪು ಪಟ್ಟಿ, ಎದೆಯ ಮೇಲೆ ಗುಡಿಯ ಗಂಟೆಯಂಥ ಗುರುತು. ಇಂಥ ಒಬ್ಬ ದಾಂಡಿಗ ಗೋಡೆ ಒಡೆದುಕೊಂಡು ಹೊರಗೆ ಬರುತ್ತಿದ್ದ. ಮುಂದಿನ ಹಾಳೆಯಲ್ಲೂ ಅವನೇ. ಅದರ ಮುಂದಿನ ಹಾಳೆಯಲ್ಲೂ ಅವನೇ.

ನಮಗೆ ನಿಮಗೆ ಇದು ಏನೆಂದು ಗೊತ್ತು. ಪರದೇಶದಲ್ಲಿ ಒಂದು ಕಾಲಕ್ಕೆ ತಿಂಗಳಿಗೊಂದರಂತೆ ಬಂದು ಹರಿದುಹೋದ ಸಾಹಸವೀರನ ಚಿತ್ರಕಥೆಗಳನ್ನು, ಮೊದಲ ಹನ್ನೆರಡು ಸಂಚಿಕೆ ಒಂದುಗೂಡಿಸಿ, ಮುನ್ನುಡಿ ಬರೆಸಿ, ಮರುಮುದ್ರಣ ಮಾಡಿದ ಸಂಪುಟ ಅದು. ದಸ್ತಗೀರನಿಗೆ ಅದು ಗೊತ್ತಾಗುವ ದಾರಿ ಇರಲಿಲ್ಲ. ಅವನು ಮೊದಲು ಕರೀಮ ಮೋಸ ಮಾಡಿದನೆಂದು ಪುಸ್ತಕ ಮುಚ್ಚಿದ. ನಾಲವಾರ ಕಡೆಯಿಂದ ಬಂದ ಮುದುಕಿಯೊಬ್ಬಳು ಎದುರಿಗೆ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅವಳು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ತೆರೆದ. ಆಮೇಲೆ ಒಂದೊಂದಾಗಿ ಎಲ್ಲವೂ ಹೊಳೆಯಿತು.

ಪ್ರತಿ ಹಾಳೆಯ ಮೂಲೆಯಲ್ಲಿ ಅಂಕಿ ಇತ್ತು, ಅದು ದಫಾ. ನಲವತ್ತೇಳರಲ್ಲಿ ಮತ್ತೆ ಗೋಡೆ ಒಡೆಯುವುದು. ಅರವತ್ತರಲ್ಲಿ ಪರರ ಮೋಟಾರು ಎತ್ತುವುದು. ಎಪ್ಪತ್ತೊಂಬತ್ತರಲ್ಲಿ ಹೆಣ್ಣುಮಗಳೊಬ್ಬಳನ್ನು ಮಾಳಿಗೆಯಿಂದ ಎತ್ತಿಕೊಂಡು ಹೋಗುವುದು. ಕಣ್ಣಿನ ಪಟ್ಟಿ ಗುರುತು ಸಿಗಬಾರದೆಂದು ಹಾಕಿದ್ದು. ಎದೆಯ ಗಂಟೆ ಹಿಂದೆ ಯಾವುದೋ ಜೈಲಿನವರು ಹಚ್ಚಿದ ಬಿಲ್ಲೆ. ಬಾಯಿ ತೆರೆದು ಕೈ ತೋರಿಸುವ ಜನ ಸಾಕ್ಷಿದಾರರು. ಅವರ ಮಾತಿಗೆಲ್ಲ ಸುತ್ತಲೂ ಗುಂಡಗೆ ಗೆರೆ ಎಳೆದಿದ್ದರು. ಒಬ್ಬನ ಬಯಾನು ಇನ್ನೊಬ್ಬನದಕ್ಕೆ ಕಲೆಯಬಾರದೆಂಬ ಇಂಥ ಎಚ್ಚರಿಕೆ ನಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಉಳಿದಿದ್ದ ಅನುಮಾನವನ್ನು ಚಿತ್ರದ ಪೊಲೀಸರು ತೀರಿಸಿದರು. ಅವರು ಎಲ್ಲ ಮುಗಿದ ಮೇಲೆ ಬಂದು, ಟೊಪ್ಪಿಗೆ ತೆಗೆದು ತಲೆ ಕೆರೆಯುತ್ತ ನಿಲ್ಲುತ್ತಿದ್ದರು. ಇದು ಕಾಯದೆಯ ಪುಸ್ತಕವೇ ಸರಿ ಎಂದು ದಸ್ತಗೀರನಿಗೆ ಆಗ ಪೂರ್ತಿ ನಂಬಿಕೆ ಬಂತು.

ಓದು ಬಾರದವರಿಗೂ ತಿಳಿಯಲೆಂದು ಇಂಗ್ಲಿಷಿನವರು ತಮ್ಸೀಲುಗಳನ್ನು ಚಿತ್ರದಲ್ಲಿ ತೆಗೆದಿದ್ದಾರೆ. ಹಾಗಾದರೆ ಈ ಮನುಷ್ಯ ಯಾರೆಂಬುದು ಬೇರೆ ಹೇಳಬೇಕಿರಲಿಲ್ಲ. ಇಪ್ಪತ್ತೆಂಟು ವರ್ಷ ಹೆಸರು ಮಾತ್ರ ಕೇಳಿದ್ದ ಜೈದನ ಮುಖವನ್ನು, ಅರ್ಧ ಮುಖವನ್ನಾದರೂ, ಅವನು ಇಂದು ಕಣ್ಣಾರೆ ಕಂಡಿದ್ದ. ಕೊನೆಗೆ ಜೈದನಿಗೆ ಏನಾಯಿತೋ ನೋಡೋಣವೆಂದರೆ, ಕಡೆಯ ಎಂಟು ಹಾಳೆಗಳು ಸಿಮೆಂಟಿನ ಧೂಳಿಗೂ ಮಳೆಯ ತೇವಕ್ಕೂ ಒಂದಕ್ಕೊಂದು ಅಂಟಿ ಹಲಗೆಯಾಗಿದ್ದವು. ಹರಿದಾವೆಂದು ಅವನು ಕೈ ಹಚ್ಚಲಿಲ್ಲ.

ಮನೆಯಲ್ಲಿ ಜೈತುನ್‌ಬೀ ಚಿತ್ರವನ್ನು ದೀಪದ ಹತ್ತಿರ ಹಿಡಿದು ಮೇಲಿಂದ ಕೆಳಗೆ ನೋಡಿದಳು.

"ಇವನೇನಾ ಜೈದ್? ಚಡ್ಡಿ ಪೈಜಾಮದ ಮ್ಯಾಲ ಹಾಕ್ಕೊಂಡಾನ. ಇವನಿಗಿ ಹೇಳಾವರು ಕೇಳಾವರು ಯಾರೂ ಇಲ್ಲೇನು?"

"ನಾಚಿಕಿ ಇದ್ದವ ಇಷ್ಟು ದಫಾದಾಗ ಯಾಕ ಸಿಗ್ತಿದ್ದ," ಎಂದ ದಸ್ತಗೀರ.

ಮರುದಿನ ಪುಸ್ತಕ ಕೆಂಪು ಬಟ್ಟೆಯ ಬಸ್ತಾದಲ್ಲಿ ಸುತ್ತಿಕೊಂಡು ಮೇಜಿನ ಮೇಲೆ ಕೂತಿತು. ಬಂಗಾರದ ಬೆನ್ನು ಮಾತ್ರ ಹೊರಗೆ. ಗುರುಲಿಂಗಯ್ಯ ನೀರು ಕುಡಿಯುವ ನೆಪದಲ್ಲಿ ಮೂರು ಸಲ ಆ ಕಡೆ ಹಾದು ಹೋದ. ಬೆನ್ನಿನ ಮೇಲೆ ಅವನಿಗೆ ಓದಲು ಬಂದದ್ದು ಮೂರೇ ಶಬ್ದ: ಕಲೆಕ್ಟೆಡ್, ರೀಪ್ರಿಂಟ್, ವಾಲ್ಯೂಮ್ ಒನ್. ಇಂಥವೇ ಶಬ್ದಗಳನ್ನು ಅವನು ಮುನಸೀಫ ಕೋರ್ಟಿನ ಗಾಜಿನ ಕಪಾಟಿನಲ್ಲಿ, ವಕೀಲರು ಕೂಡ ಮುಟ್ಟಲು ಅಂಜುವ ಕರಿ ಪುಸ್ತಕಗಳ ಮೇಲೆ ನೋಡಿದ್ದ. ನಾಲ್ಕನೆಯ ಶಬ್ದ ಬಳ್ಳಿಯಂತೆ ಸುತ್ತಿಕೊಂಡಿದ್ದರಿಂದ ಅದು ಯಾರೋ ದೊಡ್ಡ ಜಡ್ಜರ ಹೆಸರಿರಬೇಕೆಂದುಕೊಂಡು, ನೀರು ಕುಡಿಯದೆ ವಾಪಸು ಬಂದ.

ಆ ವಾರವೇ ದಂಡೋತಿಯಿಂದ ಹಣಮಮ್ಮ ಬಂದಳು. ಪಕ್ಕದ ಮನೆಯ ಸಾಬಣ್ಣನ ಎಮ್ಮೆ ಮೈ ತುರಿಸಿತೆಂದು ಅವಳ ಮಣ್ಣಿನ ಗೋಡೆಗೆ ತಿಕ್ಕಿತ್ತು. ಮಳೆಗೆ ನೆನೆದಿದ್ದ ಗೋಡೆ ಎಮ್ಮೆಯ ತುರಿಕೆ ತೀರುವ ಮೊದಲೇ ಕೂತುಬಿಟ್ಟಿತು. ಅಂದಿನಿಂದ ಎಮ್ಮೆ ದಿನಾಲೂ ಸರಿಯಾಗಿ ಊಟದ ಹೊತ್ತಿಗೆ ಆ ಸಂದಿಯಲ್ಲಿ ಬಂದು ನಿಂತು ಹಣಮಮ್ಮನ ತಾಟನ್ನೇ ನೋಡುತ್ತದೆ. ಸಾಬಣ್ಣನಿಗೆ ಹೇಳಿದರೆ, ಎಮ್ಮೆಯ ಕಣ್ಣಿಗೆ ನಾನು ಜವಾಬ್ದಾರನಲ್ಲ ಅನ್ನುತ್ತಾನೆ.

ದಸ್ತಗೀರ ಬರೆದುಕೊಳ್ಳುತ್ತ, ಆ ಹೊತ್ತಿಗೆ ಸಾಬಣ್ಣ ಎಲ್ಲಿದ್ದ ಎಂದು ಕೇಳಿದ. ಎಮ್ಮೆಯ ಹಿಂದೆಯೇ ಇದ್ದ, ಗೋಡೆ ಬಿದ್ದ ಮೇಲೆ ಅದರ ಮೇಲಿಂದಲೇ ದಾಟಿ ಬಂದ ಎಂದಳು. ಮೈಮೇಲೆ ಏನಿತ್ತು ಎಂದು ಕೇಳಿದ. ಥಂಡಿಯಿತ್ತು, ಕುತ್ತಿಗೆಗೆ ಚಾದರ ಕಟ್ಟಿಕೊಂಡಿದ್ದ ಎಂದಳು. ದಸ್ತಗೀರನ ಲೇಖನಿ ಹಾಳೆಯ ನಡುವೆ ನಿಂತಿತು.

"ಹಳದಿ ಚಾದರೇನು?"

"ಒಂದು ಕಾಲಕ್ಕ ಬಿಳೀದು ಇತ್ರಿ, ಮುನ್ಶೀಜಿ."

ಅಂದು ಅವನು ಬರೆದ ಅರ್ಜಿಯನ್ನು ಚಿತ್ತಾಪುರದ ಕಚೇರಿಯಲ್ಲಿ ಹಳಬರು ಇನ್ನೂ ನೆನೆಯುತ್ತಾರೆ. ಸದರಿ ಸಾಬಣ್ಣನು ಇಂಗ್ಲಿಷ್ ತಾಜೀರಾತ್ ಚಿತ್ರಸಹಿತ ಮೊದಲನೇ ಸಂಪುಟ ದಫಾ ನಲವತ್ತೇಳರ ತಮ್ಸೀಲಿನಲ್ಲಿ ಜೈದನು ಗೋಡೆ ಒಡೆದ ಪ್ರಕಾರವೇ, ಕುತ್ತಿಗೆಗೆ ಹಳದಿಗೆ ತಿರುಗಿದ ಚಾದರ ಕಟ್ಟಿಕೊಂಡು, ಎಮ್ಮೆಯನ್ನು ಮುಂದೆ ಮಾಡಿ, ಅರ್ಜಿದಾರಳ ಗೋಡೆಯ ಮೂಲಕ ಪಾರಾಗಿರುತ್ತಾನೆ ಎಂದು ಅದರಲ್ಲಿತ್ತು.

ಅರ್ಜಿ ಗುಮಾಸ್ತರ ಕೈಗೆ ಹೋಯಿತು. ಗುಮಾಸ್ತರಿಗೆ ಈ ದಫಾ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದರೆ ಮಾನ ಹೋಗುತ್ತದೆ. ಅವರು ಸಹಿ ಮಾಡಿ ಹೆಡ್ ಗುಮಾಸ್ತರಿಗೆ ಕಳಿಸಿದರು. ಹೆಡ್ ಗುಮಾಸ್ತರಿಗೆ ಮಾನ ಇನ್ನೂ ದೊಡ್ಡದು. ಅವರು ದಫಾದ ಅಂಕಿಯ ಕೆಳಗೆ ಕೆಂಪು ಗೆರೆ ಎಳೆದು, ತ್ವರಿತ ಕ್ರಮಕ್ಕಾಗಿ ಎಂದು ಬರೆದು ಫೌಜದಾರರಿಗೆ ಸಾಗಿಸಿದರು. ತಹಸೀಲ್ದಾರರು ಗುಲಬರ್ಗಾಕ್ಕೆ ಮೀಟಿಂಗಿಗೆ ಹೋಗಿದ್ದರು. ಫೌಜದಾರರು ಸೈಕಲ್ಲು ಮರಕ್ಕೆ ಆನಿಸಿ ದಸ್ತಗೀರನ ಮೇಜಿನ ಮುಂದೆ ನಿಂತು, ನಲವತ್ತೇಳು ತಮಗೆ ಬಾಯಿಪಾಠವಿದೆ, ಆದರೂ ಹಿರಿಯರ ಬಾಯಿಂದ ಒಮ್ಮೆ ಕೇಳೋಣವೆಂದು ಬಂದೆ ಎಂದರು. ದಸ್ತಗೀರ ಬಸ್ತಾದ ಸಂದಿಯಲ್ಲಿ ಕಣ್ಣು ಹಾಯಿಸಿ ಹೇಳಿದ. ಅಪರಾಧ ಪೂರ್ತಿಯಾಗಬೇಕಾದರೆ ಮೂರು ಆಗಬೇಕು: ಕುತ್ತಿಗೆಗೆ ಚಾದರ, ಗೋಡೆಯ ಮೂಲಕ ಬರುವುದು, ಮತ್ತು ಚಡ್ಡಿ ಮೇಲಿನ ಬಟ್ಟೆಯ ಮೇಲಿರುವುದು.

"ಹೌದೌದು. ಮೂರನೇದೇ ಮುಖ್ಯ," ಎಂದರು ಫೌಜದಾರರು.

ಮರುದಿನ ಅವರು ಜಮಾದಾರನೊಡನೆ ದಂಡೋತಿಗೆ ಪಂಚನಾಮೆಗೆ ಹೋದರು. ಊರೆಲ್ಲ ಕೂಡಿತು. ಭೀಮಮ್ಮ ಎಂಬ ಹಿರಿಯಳು ಪಂಚರಲ್ಲಿ ಒಬ್ಬಳು. ಸಾಬಣ್ಣನ ಚಡ್ಡಿಯನ್ನು ನೀನು ಧೋತರದ ಮೇಲೆ ಎಂದಾದರೂ ಕಂಡಿದ್ದೀಯಾ ಎಂದು ಫೌಜದಾರರು ಕೇಳಿದಾಗ ಭೀಮಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ಈ ವಯಸ್ಸಿನಲ್ಲಿ ನನ್ನನ್ನು ಇಂಥ ಮಾತು ಕೇಳಬೇಡಿರೆಂದು ಒಳಗೆ ಹೋದಳು. ತುಸು ಹೊತ್ತಿಗೆ ವಾಪಸು ಬಂದು, ಸಾಬಣ್ಣನ ಅಂಗಳದ ಹಗ್ಗಕ್ಕೆ ಬೆರಳು ಮಾಡಿ ತೋರಿಸಿದಳು. ಹಗ್ಗದ ಮೇಲೆ ಒಗೆದ ಧೋತರ ಒಣಗುತ್ತಿತ್ತು. ಧೋತರದ ಮೇಲೆ, ಗಾಳಿಗೆ ಹಾರದಿರಲೆಂದು, ಸಾಬಣ್ಣನ ಹೆಂಡತಿ ಚಡ್ಡಿ ಹಾಕಿದ್ದಳು.

ಫೌಜದಾರರು ಜಮಾದಾರನ ಮುಖ ನೋಡಿದರು. ಜಮಾದಾರ ಬರೆದ: ಚಡ್ಡಿಯು ಧೋತರದ ಮೇಲೆ ಇದ್ದದ್ದು ಪಂಚರ ಸಮಕ್ಷಮ ಕಂಡುಬಂದಿರುತ್ತದೆ. ಚಡ್ಡಿಯನ್ನೂ ಚಾದರವನ್ನೂ ಜಪ್ತಿ ಮಾಡಿ, ಅರಗಿನ ಮುದ್ರೆ ಒತ್ತಿ ಒಯ್ದರು. ಆ ವಾರ ದಂಡೋತಿಯಲ್ಲಿ ಯಾವ ಹಗ್ಗ ನೋಡಿದರೂ ಚಡ್ಡಿಗಳು ಧೋತರದ ಕೆಳಗೇ ಇದ್ದವು. ಕೆಲವು ಮುಂಜಾಗ್ರತೆಯವರು ಚಡ್ಡಿ ಒಗೆಯುವುದನ್ನೇ ಬಿಟ್ಟರು.

ಸಾಬಣ್ಣ ಗಾಬರಿಬಿದ್ದು ಗುರುಲಿಂಗಯ್ಯನ ಕಾಲು ಹಿಡಿದ. ಗುರುಲಿಂಗಯ್ಯ ಮೂರು ರಾತ್ರಿ ತನ್ನಲ್ಲಿದ್ದ ಎರಡು ಪುಸ್ತಕಗಳನ್ನು ತಿರುವಿದ, ಜೈದನ ಸುಳಿವಿಲ್ಲ. ದಸ್ತಗೀರನ ಹತ್ತಿರ ಹೋಗಿ ಪುಸ್ತಕ ತೋರಿಸೆನ್ನುವುದಕ್ಕಿಂತ ಟೈಪರೈಟರನ್ನು ಕಾಗಿಣಾ ಹೊಳೆಗೆ ಒಗೆಯುವುದು ವಾಸಿ. ಕೊನೆಗೆ ಧೈರ್ಯ ಮಾಡಿ ಉತ್ತರ ಟೈಪು ಮಾಡಿದ: ಎದುರುದಾರರು ಹೇಳಿದ ಅದೇ ಗ್ರಂಥದ, ಅದೇ ಸಂಪುಟದ ದಫಾ ಐವತ್ತೆರಡರ ಪ್ರಕಾರ ಎಮ್ಮೆಯ ತುರಿಕೆಗೆ ಸಂಪೂರ್ಣ ಮಾಫಿ ಇರುತ್ತದೆ.

ಸೋಮವಾರ ಬಂತು. ಗೋಡೆಯದೂ ಮೇಜಿನದೂ ಅಂದೇ ತೀರ್ಮಾನ. ದಂಡೋತಿಯ ಅರ್ಧ ಊರು ಕಚೇರಿಯ ಪಡಸಾಲೆಯಲ್ಲಿತ್ತು. ನಂಜರಾಜಯ್ಯನವರು ಪಂಚನಾಮೆಯನ್ನು ಒಮ್ಮೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಮುದ್ರೆ ಒತ್ತಿದ ಗಂಟನ್ನು ದೂರ ಸರಿಸಿ, ಆ ಪುಸ್ತಕ ಎಲ್ಲಿ, ಕೊಡಿ ಎಂದರು.

ದಸ್ತಗೀರ ಬಿಸ್ಮಿಲ್ಲಾ ಹೇಳಿ ಬಸ್ತಾ ಬಿಚ್ಚಿದ. ಸಾಹೇಬರು ಬೆನ್ನು ನೋಡಿದರು. ನೋಡಿದವರು ಹಾಗೇ ಕೂತರು. ರಟ್ಟು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಅವರ ಕಿವಿ ಕೆಂಪಗಾದದ್ದನ್ನು ದಸ್ತಗೀರ ಸ್ಪಷ್ಟವಾಗಿ ಕಂಡ. ಎಲ್ಲಿ ಸಿಕ್ಕಿತು ಇದು ಎಂದು ಬಹಳ ಸಣ್ಣ ದನಿಯಲ್ಲಿ ಕೇಳಿದರು. ವಾಡಿಯಲ್ಲಿ ಎಂದ. ಸಾಹೇಬರು ಸುತ್ತ ನೆರೆದ ಜನರನ್ನು ನೋಡಿ, ಗಂಟಲು ಸರಿಮಾಡಿಕೊಂಡು, ಗ್ರಂಥವನ್ನು ಪೂರ್ತಿ ಪರಿಶೀಲಿಸದೆ ತೀರ್ಪು ಕೊಡಲಾಗುವುದಿಲ್ಲ, ಎರಡೂ ವಿಷಯ ಗುರುವಾರಕ್ಕೆ ಎಂದು ಹೇಳಿ, ಪುಸ್ತಕವನ್ನು ಎದೆಗೆ ಅವಚಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೂರು ದಿನ ಕಚೇರಿಯಲ್ಲಿ ಒಂದು ಕಡತವೂ ಅಲುಗಲಿಲ್ಲ. ಜವಾನ ಮಾತ್ರ ಗಂಟೆಗೊಮ್ಮೆ ಹೊರಬಂದು ಸುದ್ದಿ ಹೇಳುತ್ತಿದ್ದ. ಸೋಮವಾರ: ಸಾಹೇಬರು ಊಟದ ಡಬ್ಬಿ ಬಿಚ್ಚಿಲ್ಲ. ಮಂಗಳವಾರ: ಸಾಹೇಬರು ಮೇಜು ಗುದ್ದಿ, ಹೊಡಿ ಅವನನ್ನ ಅಂದರು. ಬುಧವಾರ: ಸಾಹೇಬರು ಚಹಾದ ಕಿಟ್ಲಿಯ ಉಗಿಗೆ ಪುಸ್ತಕ ಹಿಡಿದು, ಹಾಳೆ ಬಿಡಿಸುತ್ತಿದ್ದಾರೆ, ಉಸಿರು ಕೂಡ ಬಿಡುತ್ತಿಲ್ಲ. ಹೊಡಿ ಅಂದದ್ದು ದಸ್ತಗೀರನನ್ನೇ ಎಂದು ಗುರುಲಿಂಗಯ್ಯ ಎಲ್ಲರಿಗೂ ಬಿಡಿಸಿ ಹೇಳಿದ. ದಸ್ತಗೀರನಿಗೂ ಹಾಗೇ ಅನಿಸಿತು. ಮನೆಗೆ ಬಂದು, ಶಹಾಬಾದದಲ್ಲಿ ನಿಜವಾಗಿಯೂ ನೆರಳು ಇದೆಯೇ ಎಂದು ಹೆಂಡತಿಯನ್ನು ಕೇಳಿದ. ಜೈತುನ್‌ಬೀ ಅವನ ಒಂದೇ ಒಂದು ಶೇರವಾನಿಯನ್ನು ಒಗೆದು ಹಾಕಿದಳು. ಹೋಗುವುದಾದರೆ ಮಾನವಾಗಿ ಹೋಗಲಿ ಎಂಬುದು ಅವಳ ವಿಚಾರ.

ಗುರುವಾರ ಸಾಹೇಬರು ಹೊರಗೆ ಬಂದಾಗ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಆದರೆ ಮುಖದಲ್ಲಿ ಹಬ್ಬದ ಕಳೆ ಇತ್ತು. ಮೊದಲು ಗುರುಲಿಂಗಯ್ಯನನ್ನು ಕರೆದರು.

"ಐವತ್ತೆರಡನೇ ದಫಾದಲ್ಲಿ ಎಮ್ಮೆಗೆ ಮಾಫಿ ಇದೆ ಅಂತ ಬರೆದಿದ್ದೀರಿ. ಓದಿದ್ದೀರಾ?"

"ಹೌದ್ರಿ ಸಾಹೇಬ್ರ. ಮೂರು ಸಲ ಓದೀನ್ರಿ."

ಎಲ್ಲರಿಗೂ ಕೇಳುವಂತೆ ಓದಿ ಎಂದು ಸಾಹೇಬರು ಪುಸ್ತಕವನ್ನು ಅವನ ಕಡೆ ತಿರುಗಿಸಿದರು. ಐವತ್ತೊಂದು ಮತ್ತು ಐವತ್ತಮೂರರ ನಡುವಿನ ಆ ಹಾಳೆ ಒಂದು ಸಂಚಿಕೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಬಿಟ್ಟ ಖಾಲಿ ಹಾಳೆ. ಅಚ್ಚ ಬಿಳಿ. ಗುರುಲಿಂಗಯ್ಯ ಬಗ್ಗಿ ನೋಡಿದ. ಹಾಳೆಯನ್ನು ಬೆಳಕಿಗೆ ಎತ್ತಿ ನೋಡಿದ.

"ಸಾಹೇಬ್ರ," ಎಂದ ಕೊನೆಗೆ, "ಇದು ರದ್ದಾಗಿರಬೇಕ್ರಿ."

ಸಾಹೇಬರು ಹಣಮಮ್ಮನ ಕಡೆ ತಿರುಗಿ, ಯಾವ ದಫಾದಲ್ಲಿ ನ್ಯಾಯ ಬೇಕಮ್ಮ ಎಂದು ಕೇಳಿದರು.

"ನನಗ ಗ್ವಾಡಿ ಬೇಕ್ರಿ ಯಪ್ಪ, ದಫಾ ಬ್ಯಾಡ. ದಫಾ ಅಡ್ಡ ಇಟ್ರ ಎಮ್ಮಿ ನಿಂದರತದೇನ್ರಿ?"

ಇಷ್ಟು ದಿನದಲ್ಲಿ ಆ ಕಚೇರಿಯಲ್ಲಿ ಆಡಿದ ಮೊದಲ ಸರಿಯಾದ ಮಾತು ಇದು ಎಂದು ಸಾಹೇಬರು ಹೇಳಿದರು. ಎಂಟು ದಿನದೊಳಗೆ ಸಾಬಣ್ಣ ಗೋಡೆ ಕಟ್ಟಿಕೊಡಬೇಕು, ಎಮ್ಮೆಯ ತಲೆಗಿಂತ ಒಂದು ಮೊಳ ಎತ್ತರ. ಚಡ್ಡಿ ಚಾದರ ಅವನಿಗೆ ವಾಪಸು. ಸಾಬಣ್ಣ ಮುದ್ರೆಯ ಗಂಟನ್ನು ಕಣ್ಣಿಗೆ ಒತ್ತಿಕೊಂಡ.

ಉಳಿದದ್ದು ಮೇಜು. ದಸ್ತಗೀರ ಶೇರವಾನಿಯ ಗುಂಡಿ ಹಿಡಿದುಕೊಂಡು ನಿಂತಿದ್ದ.

"ಒಬ್ಬರು ಈ ಪುಸ್ತಕ ನೋಡಿ ತಪ್ಪು ತಿಳ್ಕೊಂಡಿದಾರೆ," ಎಂದರು ಸಾಹೇಬರು. "ಇನ್ನೊಬ್ಬರು ನೋಡದೇನೇ ಎಲ್ಲಾ ತಿಳ್ಕೊಂಡಿದಾರೆ. ನನ್ನ ಅಂಗಳಕ್ಕೆ ಮೊದಲನೆಯವರು ಸಾಕು."

ಇದರ ಅರ್ಥ ಪಡಸಾಲೆಯಲ್ಲಿ ಯಾರಿಗೂ ಆಗಲಿಲ್ಲ. ಆದರೆ ಜವಾನ ಹೋಗಿ ಗುರುಲಿಂಗಯ್ಯನ ಮೇಜು ಎತ್ತಿದ್ದು ಎಲ್ಲರಿಗೂ ಕಂಡಿತು. ಗುರುಲಿಂಗಯ್ಯ ಟೈಪರೈಟರು ಹೊತ್ತುಕೊಂಡು ಗೇಟಿನ ಹೊರಗೆ ಚಹಾದ ಅಂಗಡಿಯ ಪಕ್ಕ ಕೂತ. ಅಲ್ಲಿ ಗಿರಾಕಿ ಹೆಚ್ಚೆಂದು ಅವನಿಗೆ ಮುಂದೆ ಗೊತ್ತಾಯಿತು. ಅದು ಬೇರೆ ಮಾತು.

ಜನ ಚದುರಿದ ಮೇಲೆ ಸಾಹೇಬರು ದಸ್ತಗೀರನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ಈ ಪುಸ್ತಕದ ಬಗ್ಗೆ ನಿಮಗೊಂದು ಸತ್ಯ ಹೇಳಬೇಕು ಎಂದು ಶುರು ಮಾಡಿದರು. ಓದುವ ದಿನಗಳಲ್ಲಿ ಹಾಸ್ಟೆಲಿನಲ್ಲಿ ಇದನ್ನು ಬಿಡಿಬಿಡಿಯಾಗಿ, ಹರಕು ಸಂಚಿಕೆಗಳಲ್ಲಿ ಓದಿದ್ದರಂತೆ. ಒಂಬತ್ತನೆಯದರ ಕೊನೆಗೆ ಈ ಮನುಷ್ಯ ಕಣಿವೆಯ ಮೇಲೆ ಒಂದೇ ಕೈಯಲ್ಲಿ ನೇತಾಡುತ್ತಿದ್ದ. ಹತ್ತನೆಯದು ಸಿಗಲೇ ಇಲ್ಲ. ಇಪ್ಪತ್ತೆರಡು ವರ್ಷ ಅವನು ಹಾಗೇ ನೇತಾಡಿಕೊಂಡಿದ್ದ.

ದಸ್ತಗೀರ ತಲೆದೂಗಿದ. ಸಾಹೇಬರು ಕಾಯದೆ ಓದಿದವರು. ಆಗ ಬಿಡಿ ಬಿಡಿಯಾಗಿ ಬಂದ ದಫಾಗಳನ್ನು ಈಗ ಒಟ್ಟಿಗೆ ಕಟ್ಟಿ ಮತ್ತೆ ಅಚ್ಚು ಹಾಕಿದ್ದಾರೆ. ಅವನಿಗೆ ಎಲ್ಲವೂ ಸರಿಯಾಗಿ ಕೂತಿತು. ಸಾಹೇಬರು ಮುಂದೆ ಬಾಯಿ ತೆರೆಯುವಷ್ಟರಲ್ಲಿ ಅವನು ಕುರ್ಚಿಯ ತುದಿಗೆ ಸರಿದ.

"ಹಂಗಾದ್ರ ನಿಮಗ ಕೊನಿತನಕ ಗೊತ್ತಾಯಿತು. ಸಾಹೇಬ್ರ, ನಾ ಇಪ್ಪತ್ತೆಂಟು ವರ್ಷ ಇವನ ತಪ್ಪೇ ಬರಕೋತ ಬಂದೀನ್ರಿ. ಎತ್ತು ಕದ್ದ, ಹಲ್ಲು ಮುರಿದ, ಗ್ವಾಡಿ ಒಡೆದ. ಒಳ್ಳೇದು ಅಂತ ಒಂದು ಸಾಲು ಬರದಿಲ್ರಿ. ಜೈದಗ ಕೊನಿಗಿ ಏನು ಸಜಾ ಆಯ್ತ್ರಿ?"

ಸಾಹೇಬರು ಜೈದ್ ಯಾರು ಎಂದು ಕೇಳಲಿದ್ದರು. ದಸ್ತಗೀರನ ಬೆರಳು ಚಿತ್ರದ ಮೇಲಿತ್ತು. ಸಾಹೇಬರು ಬೆರಳು ನೋಡಿದರು, ಶೇರವಾನಿ ನೋಡಿದರು, ತೇವವಾಗಿದ್ದ ಕಣ್ಣು ನೋಡಿದರು. ಹೇಳಬೇಕೆಂದಿದ್ದ ಸತ್ಯವನ್ನು ನುಂಗಿಕೊಂಡು, ಉಗಿ ಹಿಡಿದು ಬಿಡಿಸಿದ ಕಡೆಯ ಹಾಳೆಯನ್ನು ತೆರೆದು ಅವನ ಮುಂದಿಟ್ಟರು. ಅಲ್ಲಿ ಇಡೀ ಊರು ನೆರೆದಿತ್ತು. ದೊಡ್ಡ ಮನುಷ್ಯರು ಆ ದಾಂಡಿಗನ ಕೈ ಕುಲುಕುತ್ತಿದ್ದರು. ಪೊಲೀಸರು ಸಾಲಾಗಿ ನಿಂತು ಸಲ್ಯೂಟು ಹೊಡೆಯುತ್ತಿದ್ದರು.

"ಬಿಡುಗಡೆ ಆಯ್ತು ಮುನ್ಶೀಜಿ. ಎಲ್ಲಾ ಆರೋಪದಿಂದ."

"ಬಾಇಜ್ಜತ್ತೇನ್ರಿ? ಮಾನಮರ್ಯಾದಿ ಸಹಿತ?"

"ಬಾಇಜ್ಜತ್," ಎಂದರು ಸಾಹೇಬರು. ಈ ಸೀಮೆಯ ಶಬ್ದವೊಂದು ಅವರ ಬಾಯಿಗೆ ಬಂದದ್ದು ಅದೇ ಮೊದಲು.

ದಸ್ತಗೀರ ಎದ್ದು ನಿಂತ. ಸಾಹೇಬರಿಗೆ ಸಲಾಮು ಮಾಡಿದ, ಆಮೇಲೆ ಚಿತ್ರಕ್ಕೂ ಒಂದು ಸಲಾಮು ಮಾಡಿದ. ಪುಸ್ತಕ ಕಚೇರಿಯ ಸುಪರ್ದಿನಲ್ಲೇ ಇರಲಿ ಎಂದು ಸಾಹೇಬರು ಕೇಳಿಕೊಂಡಾಗ ಸಂತೋಷದಿಂದ ಒಪ್ಪಿದ. ವಾಡಿಯಲ್ಲಿ ಎರಡನೆಯ ಸಂಪುಟವೇನಾದರೂ ಕಂಡರೆ ಸರಕಾರಿ ಜೀಪು ಕಳಿಸುತ್ತೇನೆಂದೂ ಸಾಹೇಬರು ಹೇಳಿದರು. ಅದು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವನು ಆಗಲೇ ಮನೆಯ ದಾರಿ ಹಿಡಿದಿದ್ದ.

ಜೈತುನ್‌ಬೀ ರೊಟ್ಟಿ ಬಡಿಯುತ್ತಿದ್ದಳು. ಮೇಜು ಉಳಿಯಿತೆಂದು ದಸ್ತಗೀರ ಹೇಳಿದ. ಅವಳು ಅಲ್ಲಾಹನನ್ನು ನೆನೆದು, ಶಹಾಬಾದದ ತಮ್ಮನಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳಬೇಕು ಎಂದಳು. ಆಮೇಲೆ ಅವನು ಒಲೆಯ ಪಕ್ಕ ಕೂತು, ಮನೆಯ ಮಗನೇ ಜೈಲಿನಿಂದ ಬಂದನೋ ಎಂಬ ಹಾಗೆ ಮುಖ ಅರಳಿಸಿಕೊಂಡು, ಇನ್ನೊಂದು ಸುದ್ದಿ ಹೇಳಿದ.

"ಜೈದ್ ಬಿಡುಗಡಿ ಆದ. ಬಾಇಜ್ಜತ್. ಪೊಲೀಸರು ಸಲಾಮು ಹೊಡದ್ರಂತ."

ಜೈತುನ್‌ಬೀ ರೊಟ್ಟಿಯನ್ನು ಹಂಚಿಗೆ ಹಾಕಿ, ಒಂದು ಕ್ಷಣ ಕೈ ಬಿಟ್ಟು ಕೂತಳು. ಇಪ್ಪತ್ತೆಂಟು ವರ್ಷ ಅವಳೂ ಅವನ ಸುದ್ದಿ ಕೇಳಿದವಳೇ. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಹೊಗೆಗೋ, ಅವನಿಗೋ.

"ಭಾಳ ಚಲೋ ಆಯ್ತು," ಎಂದಳು. "ಇನ್ನಾರ ಆ ಚಡ್ಡಿ ಒಳಗ ಹಾಕ್ಕೊಳ್ಳಾಕ ಹೇಳ್ರಿ ಅವನಿಗಿ."